ಬಿಗಿತವೂ ಹಿಡಿತವೂ

ಕ್ಯಾಲಿಫೋರ್ನಿಯಾದಿಂದ ನಮ್ಮ ವಾಚಕಮಹಾಶಯರೊಬ್ಬರು ಬರೆದ ಕಾಗದವು ಕೆಲವು ತಿಂಗಳ ಹಿಂದೆ ನಮ್ಮ ಕೈಸೇರಿತು. ಅವರು ಸ್ಕಾಟ್ಸ್ ವ್ಯಾಲಿ ಎಂಬ ಊರಿನಲ್ಲಿ ಸಂಸಾರಸಮೇತರಾಗಿ ವಾಸವಾಗಿದ್ದು, ಬೆಟ್ಟದ ಆಚೆಯ ಸ್ಯಾನ್ ಹೋಸೆ ಪಟ್ಟಣಕ್ಕೆ ಉದ್ಯೋಗಾರ್ಥವಾಗಿ ದಿನವೂ ಹೋಗಿಬರುತ್ತಾರೆ. ದಾರಿಯು ಹದಿನೇಳನೆಯ ನಂಬರಿನ ಹೆದ್ದಾರಿ. ಸಾಂಟಾ ಕ್ರೂಜ್ ಬೆಟ್ಟಗಳ ಮೇಲೆ ಹಾವಿನಂತೆ ಹೊರಳಿ ಹೋಗುವ ಈ ದಾರಿಯು ಚಳಿಗಾಲದ ಮಳೆಯಲ್ಲಿ ನೆನೆದಿರುವಾಗ ಎಂತಹ ನುರಿತ ಚಾಲಕನಿಗೂ ಎಚ್ಚರವನ್ನು ಕಲಿಸತಕ್ಕದ್ದು. ನಮ್ಮ ಮಿತ್ರರ ಬಂಡಿಯು ಜಪಾನಿನ ಮಾಜ್ದಾ ಕಂಪನಿಯವರ ಎಂಎಕ್ಸ್-೫ ಎಂಬ, ಇಬ್ಬರು ಮಾತ್ರ ಕೂರಬಹುದಾದ ಸ್ಪೋರ್ಟ್ಸ್ ಕಾರು, ೧೯೯೪ರ ಮಾದರಿಯದು, ಹಳೆಯದಾಗಿ ಕೊಂಡದ್ದು. ಶನಿವಾರದ ದಿನ ಹನ್ನೆರಡು ವರ್ಷದ ಮಗಳನ್ನು ಸಂಗೀತದ ಪಾಠಕ್ಕೆ ಕರೆದೊಯ್ಯುವುದೂ ಇದರಲ್ಲಿಯೇ. ವರ್ಷಕ್ಕೆ ಎರಡು ಮೂರು ಬಾರಿ ಅವರು ಮಾಂಟೆರೆ ಪಟ್ಟಣದ ಸಮೀಪದಲ್ಲಿರುವ ಲಗೂನಾ ಸೆಕಾ ಎಂಬ ರೇಸ್ ಟ್ರ್ಯಾಕಿಗೆ ಹೋಗಿ, ಶುಲ್ಕ ತೆತ್ತವರು ತಮ್ಮ ತಮ್ಮ ಬಂಡಿಗಳನ್ನು ಓಡಿಸಬಹುದಾದ ದಿನಗಳಲ್ಲಿ ತಮ್ಮ ಆಸೆಯನ್ನು ತೀರಿಸಿಕೊಳ್ಳುವ ರೂಢಿಯುಂಟು.

ಹಿಂದಿನ ಮಾಲೀಕನು ಈ ಬಂಡಿಗೆ ಗಿಡ್ಡವಾದ ಬಿಗಿ ಸ್ಪ್ರಿಂಗುಗಳನ್ನು ಹಾಕಿಸಿ, ನೆಲಕ್ಕೆ ಐದು ಸೆಂಟಿಮೀಟರಿನಷ್ಟು ಹತ್ತಿರ ತಂದಿದ್ದನಂತೆ. ನೋಟಕ್ಕೆ ಅಂದವಾಗಿತ್ತು, ತಿರುವಿನಲ್ಲಿ ಓಲಾಟ ಕಡಮೆ, ಸವಾರಿ ಮಾತ್ರ ಒರಟು. 'ಒರಟಾದರೇನು, ಗಟ್ಟಿಯಾಗಿದೆ' ಎಂದು ನಮ್ಮ ಮಿತ್ರರು ಸಮಾಧಾನ ಹೇಳುತ್ತಿದ್ದರು. ಹೀಗಿರಲು, ಕಳೆದ ಬಾರಿ ಟ್ರ್ಯಾಕಿನಲ್ಲಿ ಇಳಿಜಾರಿನ ಎಡತಿರುವೊಂದರ ಕೊನೆಯಲ್ಲಿ ಹೊರಬದಿಯ ಗಾಲಿಗಳು ಅಂಚಿನ ಕಟ್ಟೆಯನ್ನು ಹತ್ತಿದೊಡನೆ, ಯಾವ ಸೂಚನೆಯೂ ಇಲ್ಲದೆ ಬಂಡಿಯ ಹಿಂಭಾಗವು ಪಕ್ಕಕ್ಕೆ ಹಾರಿ, ಬಂಡಿಯು ಒಂದು ಸುತ್ತು ತಿರುಗಿ ಮಣ್ಣಿನಲ್ಲಿ ನಿಂತಿತು. ದೈವಕೃಪೆಯಿಂದ ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದು ನಡೆದುದನ್ನು ಹೇಳಿದಾಗ ಅವರ ಮನೆಯವರು ಕೇಳಿದ ಪ್ರಶ್ನೆ ಇದು: "ಬಂಡಿ ಗಟ್ಟಿಯಾಗಿದೆ ಅಂತೀರಿ, ಹಾಗಿದ್ದರೆ ಜಾರಿದ್ದೇಕೆ? ಶನಿವಾರ ಮಳೆಯಲ್ಲಿ ಮಗೂನ ಕೂರಿಸಿಕೊಂಡು ಹೋಗೋದು ಇದೇ ಬಂಡಿಯಲ್ಲೇ ಅಲ್ಲವೆ?" ಸ್ನೇಹಿತರಾದರೋ, ಇನ್ನೂ ಬಿಗಿಯಾದ ಸ್ಪ್ರಿಂಗುಗಳನ್ನು ಹಾಕಿಸಿದರೆ ಎಲ್ಲವೂ ಸರಿಹೋಗುವುದೆಂದು ಹೇಳಿದ್ದಾರಂತೆ. ಹಣವನ್ನು ತೆಗೆದಿರಿಸಿದ್ದೇನೆ, ಏನು ಮಾಡಲಿ, ಎಂದು ಅವರ ಪ್ರಶ್ನೆ.

ಗೃಹಸ್ಥರು ಓದುವ ಈ ಪುಟಗಳಲ್ಲಿ ಪಂದ್ಯದ ಬಂಡಿಯ ಮಾತೇಕೆಂದು ಕೆಲವರು ಕೇಳಬಹುದು. ಖರ್ಚಾಗುವ ಹಣವು ಮನೆಯದು, ಕೂತುಕೊಳ್ಳುವವರು ಮನೆಯವರು, ಮೇಲಾಗಿ ಆ ತಾಯಿ ಕೇಳಿದ ಪ್ರಶ್ನೆಯು ಮೋಟಾರು ಬಂಡಿ ಇರುವ ಯಾವ ಮನೆಗಾದರೂ ಸಲ್ಲತಕ್ಕದ್ದು. ಆದಕಾರಣ ನಮಗೆ ತಿಳಿದಮಟ್ಟಿಗೆ ಅದಕ್ಕೆ ಉತ್ತರ ಹೇಳುವೆವು.

ಗಾಲಿಗಳಿಗೂ ಬಂಡಿಯ ಮೈಗೂ ನಡುವೆ ಇರುವ ತೋಳುಗಳು, ಸ್ಪ್ರಿಂಗುಗಳು, ಷಾಕ್ ಅಬ್ಸಾರ್ಬರುಗಳು ಇವೆಲ್ಲಕ್ಕೂ ಕೂಡಿ ಸಸ್ಪೆನ್ಷನ್ ಎಂದು ಹೆಸರು. ಕೂತವರಿಗೆ ಕುಲುಕಾಟ ತಗಲದಂತೆ ಮಾಡುವುದಷ್ಟೇ ಇದರ ಕೆಲಸವೆಂದು ಹಲವರ ಭಾವನೆ. ಅದಕ್ಕಿಂತಲೂ ದೊಡ್ಡ ಕೆಲಸವೊಂದಿದೆ. ಬಂಡಿಯು ನೆಲವನ್ನು ಮುಟ್ಟಿರುವುದು ನಾಲ್ಕೇ ಕಡೆ; ಒಂದೊಂದು ಕಡೆಯೂ ಹೆಚ್ಚುಕಡಮೆ ಒಂದು ಅಂಗೈಯಗಲ. ವೇಗ ಹೆಚ್ಚಿಸುವುದು, ನಿಲ್ಲಿಸುವುದು, ತಿರುಗಿಸುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು. ರಸ್ತೆ ಏರಿದರೆ ಗಾಲಿಯು ಏರಬೇಕು, ತಗ್ಗಿದರೆ ತಗ್ಗಬೇಕು. ಟೈರು ನೆಲವನ್ನು ಬಿಡಬಾರದು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಕೆರೆಯ ಏರಿಯನ್ನಿಳಿಯುವ ಹೆಂಗಸಿನ ನಡಿಗೆಯನ್ನು ನೋಡಿ. ಕಾಲು ಮಂಡಿಗಳು ನೆಲದ ಹಳ್ಳತಿಟ್ಟುಗಳನ್ನೆಲ್ಲ ತಾವೇ ನುಂಗಿಕೊಳ್ಳುತ್ತವೆ, ಕೊಡವು ಅಲುಗುವುದಿಲ್ಲ. ಆಕೆ ಮಂಡಿಗಳನ್ನು ಕೋಲಿನಂತೆ ಸೆಟೆಸಿ ನಡೆದರೆ ನೀರು ತುಳುಕುವುದಷ್ಟೇ ಅಲ್ಲ, ಜಾರುಗಲ್ಲಿನ ಮೇಲೆ ಆಕೆಯ ಹೆಜ್ಜೆಯೂ ತಪ್ಪುವುದು. ಸಸ್ಪೆನ್ಷನ್ನಿನ ಧರ್ಮವೂ ಇದೇ.

ಮೊದಲು ಸ್ಪ್ರಿಂಗಿನ ವಿಚಾರ. ಒಂದು ಸ್ಪ್ರಿಂಗನ್ನು ಒಂದು ಮಿಲಿಮೀಟರು ಕುಗ್ಗಿಸಲು ಎಷ್ಟು ಕಿಲೋ ಭಾರ ಬೇಕೋ ಅದೇ ಅದರ ಬಿಗಿತದ ಅಳತೆ. ಎಂಎಕ್ಸ್-೫ ಬಂಡಿಯಲ್ಲಿ ನಾಲ್ಕು ಗಾಲಿಗಳಿಗೂ ಮೇಲೊಂದು ಕೆಳಗೊಂದರಂತೆ ಕವೆಯಾಕಾರದ ಎರಡೆರಡು ತೋಳುಗಳಿದ್ದು, ಸ್ಪ್ರಿಂಗು ಗಾಲಿಯ ನೇರದಲ್ಲಿಲ್ಲದೆ ಒಳಕ್ಕೆ ಸರಿದು ನಿಂತಿರುತ್ತದೆ. ಗಾಲಿಯು ನಾಲ್ಕು ಅಂಗುಲ ಏರಿದರೆ ಮುಂದಿನ ಸ್ಪ್ರಿಂಗು ಕುಗ್ಗುವುದು ಸುಮಾರು ಮೂರೇ ಅಂಗುಲ. ಸನ್ನೆಕೋಲಿನ ಲೆಕ್ಕದಂತೆ, ಗಾಲಿಗೆ ತಗಲುವ ಬಿಗಿತವು ಮುಕ್ಕಾಲರ ವರ್ಗ, ಎಂದರೆ ಹದಿನಾರರಲ್ಲಿ ಒಂಬತ್ತು ಪಾಲು ಮಾತ್ರ. ಆಗ ೧೦ ಕಿಲೋ ಬಿಗಿತದ ಸ್ಪ್ರಿಂಗು ಗಾಲಿಯಲ್ಲಿ ೫.೬ ಕಿಲೋದಷ್ಟಾಗುವುದು. ಕಾರ್ಖಾನೆಯವರು ಮುಂದುಗಡೆ ಕೊಟ್ಟ ಸ್ಪ್ರಿಂಗು ಮೂರು ಕಿಲೋ ಒಳಗಿನದು. ಗಾಲಿಯಲ್ಲಿ ಅದು ೧.೬ರ ಸುಮಾರು.

ಈ ಅಂಕಿಗಳಿಂದ ಮನೆಯವರಿಗೇನು ಪ್ರಯೋಜನವೆಂದರೆ, ಬಂಡಿಯು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗುವುದೆಂಬುದನ್ನು ಇವುಗಳಿಂದಲೇ ತಿಳಿಯಬಹುದು. ಒಂದು ಮೂಲೆಯ ಮೇಲೆ ಗಾಲಿ ಮುಂತಾದುವನ್ನು ಬಿಟ್ಟು ೨೩೦ ಕಿಲೋ ಭಾರವಿದೆಯೆಂದು ಇಟ್ಟುಕೊಳ್ಳೋಣ. ಕಾರ್ಖಾನೆಯ ಸ್ಪ್ರಿಂಗಿನ ಮೇಲೆ ತೂಗಾಟವು ಸೆಕೆಂಡಿಗೆ ಒಂದೂಕಾಲಕ್ಕೆ ತುಸು ಮೇಲೆ. ೬ ಕಿಲೋ ಸ್ಪ್ರಿಂಗಿನ ಮೇಲೆ ಎರಡಕ್ಕೆ ತುಸು ಕಡಮೆ. ೧೦ ಕಿಲೋ ಸ್ಪ್ರಿಂಗಿನ ಮೇಲೆ ಸುಮಾರು ಎರಡೂವರೆ. ಮನುಷ್ಯನು ನಡೆಯುವಾಗ ಅವನ ಮೈ ಏರಿಳಿಯುವುದು ಸೆಕೆಂಡಿಗೆ ಒಂದರಿಂದ ಎರಡು ಸಲ. ಹುಟ್ಟಿದಂದಿನಿಂದ ಮೈಗೆ ಒಗ್ಗಿದ ಗತಿಯದು. ಸಾಧಾರಣವಾದ ಮನೆಬಳಕೆಯ ಕಾರುಗಳನ್ನು ಒಂದರಿಂದ ಒಂದೂವರೆಯವರೆಗೆ ಇಡುವುದು ಇದೇ ಕಾರಣದಿಂದ. ಎರಡೂವರೆಯನ್ನು ಮುಟ್ಟಿದ ಬಂಡಿಯು ನುಣ್ಣನೆಯ ಟ್ರ್ಯಾಕಿಗೆ ಸರಿ. ಬೆಟ್ಟದ ದಾರಿಯಲ್ಲಿ ದಿನವೂ ಹೋಗಿಬರುವ ದೇಹಕ್ಕೂ, ಒದ್ದೆಯಾದ ಒರಟು ನೆಲವನ್ನು ಹಿಡಿಯಬೇಕಾದ ಟೈರಿಗೂ ಸರಿಯಲ್ಲ.

ಇನ್ನು ಷಾಕ್ ಅಬ್ಸಾರ್ಬರು. ಹೆಸರೇನೋ ಆಘಾತವನ್ನು ಹೀರುವುದು ಎಂದಿದೆ; ಆದರೆ ಆಘಾತವನ್ನು ಮೊದಲು ತಾಳುವುದು ಸ್ಪ್ರಿಂಗು; ಅದರ ತೂಗಾಟವನ್ನು ನಿಲ್ಲಿಸುವುದು ಷಾಕಿನ ಕೆಲಸ. ತೊಟ್ಟಿಲನ್ನು ಒಮ್ಮೆ ತೂಗಿ ಬಿಟ್ಟರೆ ಬಹಳ ಹೊತ್ತು ತೂಗುವುದು. ಅದನ್ನೇ ನೀರಿನಲ್ಲಿ ಮುಳುಗಿಸಿ ತೂಗಿದರೆ ಒಂದೆರಡು ತೂಗಿಗೆ ನಿಂತೀತು. ಷಾಕಿನ ಕೊಳವೆಯೊಳಗೆ ಎಣ್ಣೆಯಿದ್ದು, ಕೊಂತದ ಸಣ್ಣ ಕಂಡಿಗಳ ಮೂಲಕ ಅದು ತೂರಿ ಹೋಗಬೇಕಾಗಿರುವುದರಿಂದ ತೂಗಾಟದ ಶಕ್ತಿಯು ಬಿಸಿಯಾಗಿ ಕಳೆದುಹೋಗುತ್ತದೆ. ಎಣ್ಣೆಯು ನೊರೆಯೇಳದಂತೆ ಒತ್ತಡದ ಗಾಳಿಯನ್ನು ಒಂದು ತೇಲುಕೊಂತದ ಆಚೆ ತುಂಬುವ ಒಂಟಿಕೊಳವೆಯ ಷಾಕನ್ನು ಫ್ರಾನ್ಸಿನ ಬೂರ್ಸಿಯೆ ದ ಕಾರ್ಬೊಂ ಎಂಬವರು ೧೯೫೩ರಲ್ಲಿ ಕಂಡುಹಿಡಿದರು. ಜರ್ಮನಿಯ ಬಿಲ್‌ಸ್ಟೈನ್ ಕಂಪನಿಯವರು ೧೯೫೭ರಲ್ಲಿ ಅದನ್ನು ಮರ್ಸಿಡಿಸ್ ಬಂಡಿಗಳಿಗೆ ಒದಗಿಸಿದರು. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಸತತವಾಗಿ ಓಡಿಸುವವರಿಗೆ ಈ ಬಗೆಯ ಷಾಕು ಹಿತವಾಗಿರುವುದು ಎಣ್ಣೆಯು ಬಿಸಿಯಾದರೂ ಕೆಲಸ ಕೆಡದಿರುವುದರಿಂದ.

ಇಲ್ಲಿ ಒಂದು ನಿಯಮವನ್ನು ಮರೆಯಲಾಗದು: ಸ್ಪ್ರಿಂಗು ಬಿಗಿಯಾದಷ್ಟೂ ಅದನ್ನು ಅಡಗಿಸುವ ಷಾಕೂ ಬಲವಾಗಿರಬೇಕು. ಬಿಗಿತವು ನಾಲ್ಕರಷ್ಟಾದರೆ ಷಾಕಿನ ತಡೆಯು ಎರಡರಷ್ಟಾಗಬೇಕು. ಹೊಸ ಬಿಗಿ ಸ್ಪ್ರಿಂಗುಗಳನ್ನು ಸವೆದ ಹಳೆಯ ಷಾಕಿನ ಮೇಲೆ ಹಾಕುವುದೆಂದರೆ ಹೋರಿಯನ್ನು ಹಳೆಯ ದಾರದಿಂದ ಕಟ್ಟಿದಂತೆ. ಗಾಲಿಯು ಗುಂಡಿಯಿಂದೆದ್ದು ನೆಲವನ್ನು ಬಿಟ್ಟು ಹಾರಾಡುತ್ತಿರುವಷ್ಟು ಕಾಲವೂ ಅದಕ್ಕೆ ಹಿಡಿತವಿರುವುದಿಲ್ಲ. ತಡೆಯು ಮಿತಿಮೀರಿದರೂ ಕೇಡೇ. ಕುಗ್ಗಿದ ಸ್ಪ್ರಿಂಗು ಮತ್ತೆ ಅರಳಲು ಎಡೆಗೊಡದಷ್ಟು ತಿರುಪನ್ನು ಬಿಗಿದರೆ, ಸಾಲು ಗುಂಡಿಗಳ ಮೇಲೆ ಬಂಡಿಯು ಸ್ವಲ್ಪ ಸ್ವಲ್ಪವಾಗಿ ಕುಸಿಯುತ್ತ ಹೋಗಿ ಕೊನೆಗೆ ತಳಮುಟ್ಟುವುದು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ತಿರುವಿನಲ್ಲಿ ಬಂಡಿಯು ಹೊರಕ್ಕೆ ಓಲುವುದರಿಂದ ಭಾರವೆಲ್ಲ ಹೊರಗಾಲಿಗಳ ಮೇಲೆ ಬೀಳುವುದೆಂದೂ, ಓಲದಂತೆ ಬಿಗಿದುಬಿಟ್ಟರೆ ಭಾರವು ಸರಿಯುವುದಿಲ್ಲವೆಂದೂ ಸಾಮಾನ್ಯವಾದ ನಂಬಿಕೆ. ಇದು ತಪ್ಪು. ಭಾರವು ಸರಿಯುವುದು ಬಂಡಿಯ ತೂಕದ ಕೇಂದ್ರವು ನೆಲಕ್ಕಿಂತ ಮೇಲಿರುವುದರಿಂದ. ಚಾಲಕನೂ ಸೇರಿ ೧೧೦೦ ಕಿಲೋ ತೂಗುವ ಬಂಡಿಯ ತೂಕದ ಕೇಂದ್ರವು ೪೬ ಸೆಂಟಿಮೀಟರು ಎತ್ತರದಲ್ಲಿದ್ದು, ಎಡಬಲದ ಗಾಲಿಗಳ ನಡುವೆ ೧೪೨ ಸೆಂಟಿಮೀಟರು ಅಂತರವಿದ್ದು, ತಿರುವಿನ ಸೆಳೆತವು ಬಂಡಿಯ ತೂಕದ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದ್ದರೆ, ಒಳಗಾಲಿಗಳಿಂದ ಹೊರಗಾಲಿಗಳಿಗೆ ಸುಮಾರು ೩೨೦ ಕಿಲೋ ಸರಿಯುವುದು. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಹೆಸರೇ ಇಲ್ಲವೆಂಬುದನ್ನು ಗಮನಿಸಬೇಕು. ಸ್ಪ್ರಿಂಗುಗಳು ಹತ್ತಿಯಷ್ಟು ಮೆತ್ತಗಿರಲಿ, ಕಲ್ಲಿನಷ್ಟು ಬಿಗಿಯಾಗಿರಲಿ, ಸರಿಯುವ ಭಾರವು ಹೆಚ್ಚುಕಡಮೆ ಅಷ್ಟೇ.

ಸ್ಪ್ರಿಂಗುಗಳೂ ಆಂಟಿ ರೋಲ್ ಬಾರುಗಳೂ ತೀರ್ಮಾನಿಸುವುದೇನೆಂದರೆ, ಆ ೩೨೦ ಕಿಲೋದಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು. ಯಾವ ಜೋಡಿಯನ್ನು ಹೆಚ್ಚು ಬಿಗಿದಿರುವೆವೋ ಆ ಜೋಡಿಯು ಹೆಚ್ಚು ಪಾಲನ್ನು ಹೊರುವುದು. ಟೈರಿಗಾದರೋ ಒಂದು ಗುಣವುಂಟು: ಅದರ ಮೇಲೆ ಎರಡರಷ್ಟು ಭಾರ ಹೇರಿದರೆ ಎರಡರಷ್ಟು ಹಿಡಿತ ದೊರೆಯುವುದಿಲ್ಲ, ಅದಕ್ಕಿಂತ ಕಡಮೆ ದೊರೆಯುವುದು. ಆದ್ದರಿಂದ ಬಿಗಿಯಾದ ತುದಿಯೇ ಮೊದಲು ಜಾರುವುದು. ಮುಂಭಾಗವು ಮೊದಲು ಜಾರಿದರೆ ಬಂಡಿಯು ತಿರುವನ್ನು ಬಿಟ್ಟು ಹೊರಕ್ಕೆ ನೂಕುವುದು. ಚಾಲಕನು ವೇಗವನ್ನು ಇಳಿಸಿದರೆ ಸಾಮಾನ್ಯವಾಗಿ ಮತ್ತೆ ಹಿಡಿತ ಸಿಕ್ಕೀತು. ಹಿಂಭಾಗವು ಮೊದಲು ಜಾರಿದರೆ ಬಂಡಿಯು ಸುತ್ತಿಕೊಳ್ಳುವುದು. ಹೆದರಿ ವೇಗವನ್ನು ಥಟ್ಟನೆ ಇಳಿಸಿದರೆ ಭಾರವು ಮುಂದಕ್ಕೆ ವಾಲಿ ಇನ್ನೂ ಬೇಗನೆ ಸುತ್ತುವುದು.

ಆಂಟಿ ರೋಲ್ ಬಾರೆಂದರೆ ಎಡಗಾಲಿಗೂ ಬಲಗಾಲಿಗೂ ಸೇರಿಸಿದ ಉಕ್ಕಿನ ತಿರುಚುಸಲಾಕೆ. ಇದರ ಬಿಗಿತವು ದಪ್ಪದ ನಾಲ್ಕನೆಯ ಘಾತದಂತೆ ಏರುವುದು. ೧೯ ಮಿಲಿಮೀಟರಿನ ಸಲಾಕೆಯನ್ನು ತೆಗೆದು ೨೪ ಮಿಲಿಮೀಟರಿನದನ್ನು ಹಾಕಿದರೆ ಕಣ್ಣಿಗೆ ಕಾಣುವ ಭೇದ ಐದೇ ಮಿಲಿಮೀಟರು, ಬಿಗಿತವು ಎರಡೂವರೆಯಷ್ಟಾಗುವುದು. ಒಂದು ತುದಿಗೆ ಮಾತ್ರ ದಪ್ಪ ಸಲಾಕೆಯನ್ನು ಹಾಕುವವರು, ಅದರಲ್ಲಿಯೂ ಹಿಂದಿನ ತುದಿಗೆ ಹಾಕುವವರು, ತಾವು ಏನನ್ನು ಬದಲಾಯಿಸುತ್ತಿರುವೆವೆಂಬುದನ್ನು ಎರಡು ಸಲ ಯೋಚಿಸಬೇಕು.

ನಮ್ಮ ಮಿತ್ರರ ಬಂಡಿಗೆ ಆದುದೇನು? ಬಂಡಿಯು ತೀರ ಕುಗ್ಗಿದಾಗ ಲೋಹಕ್ಕೆ ಲೋಹ ಬಡಿಯದಂತೆ ಷಾಕಿನ ಕಂಬಿಯ ಮೇಲೆ ರಬ್ಬರಿನ ಒಂದು ಮೆತ್ತೆ ಇರುತ್ತದೆ. ಬಂಪ್ ಸ್ಟಾಪ್ ಎಂದು ಅದರ ಹೆಸರು. ಈ ಬಂಡಿಯಲ್ಲಿ ಗಾಲಿಯು ಮೇಲಕ್ಕೇರಲು ಇರುವ ಅವಕಾಶವೇ ಹೆಚ್ಚಲ್ಲ. ಅದರಲ್ಲಿ ಐದು ಸೆಂಟಿಮೀಟರನ್ನು ಕಿತ್ತುಕೊಂಡ ಮೇಲೆ ಉಳಿಯುವುದೆಷ್ಟು? ಮೆತ್ತೆಯು ಮುಟ್ಟಿದ ಕ್ಷಣದಿಂದ ಸ್ಪ್ರಿಂಗಿನ ಕೆಲಸ ಮುಗಿದಂತೆಯೇ. ಆ ಮೂಲೆಯ ಬಿಗಿತವು ಒಮ್ಮೆಗೇ ಹಲವು ಪಟ್ಟು ಏರುವುದು. ಹಿಂದಿನ ಹೊರಗಾಲಿಯು ಕಟ್ಟೆಯನ್ನು ಹತ್ತಿ ಮೆತ್ತೆಗೆ ಬಡಿದಾಗ, ಸರಿಯುವ ಭಾರದ ಬಹುಪಾಲು ಆ ಒಂದು ಟೈರಿನ ಮೇಲೆಯೇ ಬಿದ್ದು, ಅದು ಜಾರಿರಬೇಕೆಂದು ನಮ್ಮ ಊಹೆ. ದೂರದಲ್ಲಿ ಕೂತು ಊಹಿಸುವುದಕ್ಕಿಂತ ಪರೀಕ್ಷಿಸಿ ನೋಡುವುದು ಮೇಲಾದ್ದರಿಂದ ನಾವು ಅವರಿಗೆ ಕಾಸಿನ ಖರ್ಚಿಲ್ಲದ ಒಂದು ಉಪಾಯವನ್ನು ಬರೆದೆವು. ತಂತಿಗಳನ್ನು ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಷಾಕಿನ ಹೊಳೆಯುವ ಕಂಬಿಗೆ, ಕೊಳವೆಯ ಬಾಯಿಗೆ ತಗಲುವಂತೆ ಸುತ್ತಿ ಬಿಗಿದು ಓಡಿಸಿ ಬರುವುದು. ಕೊಳವೆಯು ಎಷ್ಟು ದೂರ ಏರಿತೋ ಅಷ್ಟು ದೂರ ಪಟ್ಟಿಯನ್ನು ತಳ್ಳಿಕೊಂಡು ಹೋಗಿ ಅಲ್ಲೇ ಬಿಟ್ಟಿರುತ್ತದೆ.

ಎರಡು ವಾರದ ಮೇಲೆ ಅವರ ಉತ್ತರ ಬಂತು. ಟ್ರ್ಯಾಕಿಗೆ ಹೋಗುವುದೇ ಬೇಕಾಗಲಿಲ್ಲವಂತೆ. ಕಚೇರಿಗೆ ನಿಯಮಿತ ವೇಗದಲ್ಲಿ ಒಂದು ಸಲ ಹೋಗಿ ಬಂದು ನೋಡಿದರೆ, ಹಿಂದಿನ ಎರಡು ಪಟ್ಟಿಗಳೂ ಮೆತ್ತೆಯವರೆಗೆ ಏರಿ ಅಲ್ಲಿಯೇ ಅಂಟಿಕೊಂಡಿದ್ದುವು. ಎಂದರೆ, ಗಟ್ಟಿಯೆಂದು ನಂಬಿದ್ದ ಆ ಬಂಡಿಯು ಪ್ರತಿದಿನವೂ ಸ್ಪ್ರಿಂಗಿಲ್ಲದ ಬಂಡಿಯಂತೆ ಮೆತ್ತೆಯ ಮೇಲೆ ಬಡಿದುಕೊಳ್ಳುತ್ತಿತ್ತು. ಷಾಕುಗಳಲ್ಲೊಂದರ ಎಣ್ಣೆಯೂ ಸೋರಿಹೋಗಿತ್ತು. ತಾಯಿಯ ಭಯವು ನಿರಾಧಾರವಾಗಿರಲಿಲ್ಲ.

ಇಂತಹ ಬಂಡಿಗೆ ಇನ್ನೂ ಬಿಗಿಯಾದ ಸ್ಪ್ರಿಂಗು ಹಾಕುವುದರಿಂದ ತಳಮುಟ್ಟುವುದು ನಿಲ್ಲಬಹುದೆಂಬುದೇನೋ ನಿಜ. ಬಿಗಿತದಿಂದ ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ಮೈ ಹೆಚ್ಚು ಓಲಿದರೆ ಟೈರೂ ಓರೆಯಾಗಿ ಅಂಚಿನ ಮೇಲೆ ನಿಲ್ಲುವುದು. ಸ್ಟಿಯರಿಂಗಿಗೆ ಬಂಡಿಯು ತಡವಾಗಿ ಓಗೊಡುವುದು. ಟ್ರ್ಯಾಕಿಗೆ ಹೋಗುವವರಿಗೆ ಕಾರ್ಖಾನೆಯ ಸ್ಪ್ರಿಂಗು ಸಾಲದೆಂಬುದು ಸರಿಯೆ. ಆದರೆ ಬೇಕಾದುದು ಸಾಕಾಗುವಷ್ಟು ಬಿಗಿತವೇ ಹೊರತು ಸಿಕ್ಕುವಷ್ಟು ಬಿಗಿತವಲ್ಲ. ೧೯೬೨ರಲ್ಲಿ ಹೊರಬಂದ ಇಂಗ್ಲೆಂಡಿನ ಲೋಟಸ್ ಎಲಾನ್ ಬಂಡಿಯು ಮೆತ್ತನೆಯ ಸ್ಪ್ರಿಂಗುಗಳಿದ್ದರೂ ತಿರುವಿನಲ್ಲಿ ಮುಂದಾಗಿದ್ದುದಕ್ಕೆ ಪ್ರಸಿದ್ಧವಾಯಿತು. ಗಾಲಿಗೆ ಏರಿಳಿಯಲು ಅವಕಾಶ, ಹಗುರವಾದ ಮೈ, ತಕ್ಕ ಷಾಕು, ಇವೇ ಅದರ ಗುಟ್ಟು. ೧೯೮೯ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಎಂಎಕ್ಸ್-೫ ಅನ್ನು ಜಗತ್ತಿನ ಮುಂದಿಟ್ಟವರು ಇಂತಹ ಇಂಗ್ಲಿಷ್ ಬಂಡಿಗಳನ್ನೇ ಮೇಲ್ಪಂಕ್ತಿಯಾಗಿ ಇಟ್ಟುಕೊಂಡಿದ್ದರು.

ಹಾಗಾದರೆ ತೆಗೆದಿರಿಸಿದ ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡತಕ್ಕದ್ದು? ನಾವು ಅವರಿಗೆ ಬರೆದ ಕ್ರಮವನ್ನು ಇಲ್ಲಿಯೂ ಕೊಡುತ್ತೇವೆ.

ಮೊದಲನೆಯದು ಟೈರು ಮತ್ತು ಬ್ರೇಕು. ಹಿಡಿತವು ಹುಟ್ಟುವುದು ಟೈರಿನಲ್ಲಿ. ವಯಸ್ಸಾಗಿ ಗಟ್ಟಿಯಾದ ಟೈರಿಗೆ ಯಾವ ಸ್ಪ್ರಿಂಗೂ ಹಿಡಿತವನ್ನು ಕೊಡಲಾರದು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ದ್ರವವು ಟ್ರ್ಯಾಕಿನ ಬಿಸಿಯಲ್ಲಿ ಕುದಿದು ಪೆಡಲು ಒಮ್ಮೆಗೇ ಕುಸಿಯಬಹುದು. ಹೊಸ ದ್ರವವು ಅಗ್ಗ.

ಎರಡನೆಯದು ತೋಳುಗಳ ಕೀಲಿನಲ್ಲಿರುವ ರಬ್ಬರಿನ ಬುಷ್ಷುಗಳು. ಮೂವತ್ತು ವರ್ಷ ದಾಟಿದ ಬಂಡಿಯಲ್ಲಿ ಇವು ಬಿರಿದಿರುವುದು ಸಹಜ. ಬಿರಿದರೆ ಗಾಲಿಯು ತನಗಿಷ್ಟ ಬಂದ ದಿಕ್ಕಿಗೆ ಹೊರಳುವುದು. ಹೊಸ ಬುಷ್ಷುಗಳನ್ನು ಹಾಕಿಸುವಾಗ ಬೋಲ್ಟುಗಳ ಕೊನೆಯ ಬಿಗಿತವನ್ನು ಬಂಡಿಯ ಭಾರವು ಗಾಲಿಗಳ ಮೇಲೆ ನಿಂತಿರುವಾಗಲೇ ಕೊಡಿಸಬೇಕು. ಗಾಲಿಗಳು ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುವುದು. ಎಷ್ಟೋ ಕಡೆ ಈ ಒಂದು ವಿಷಯವನ್ನು ಅಲಕ್ಷಿಸುತ್ತಾರೆ.

ಮೂರನೆಯದು ಷಾಕು ಮತ್ತು ಸ್ಪ್ರಿಂಗು. ಇವೆರಡನ್ನೂ ಒಂದಕ್ಕೊಂದು ಹೊಂದುವಂತೆ ಒಟ್ಟಿಗೆ ಕೊಳ್ಳಬೇಕು. ರಸ್ತೆಗೂ ಅಪರೂಪವಾಗಿ ಟ್ರ್ಯಾಕಿಗೂ ಸಲ್ಲಬೇಕಾದ ಈ ಬಂಡಿಗೆ ಮುಂದೆ ಸುಮಾರು ೬ ಕಿಲೋ, ಹಿಂದೆ ಸುಮಾರು ೪ ಕಿಲೋ ಸ್ಪ್ರಿಂಗುಗಳು ಸಾಕೆಂದು ನಮ್ಮ ಅಭಿಪ್ರಾಯ. ಎತ್ತರವನ್ನು ಕಾರ್ಖಾನೆಯ ಮಟ್ಟಕ್ಕಿಂತ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚಾಗಿ ತಗ್ಗಿಸಬಾರದು. ಎತ್ತರವನ್ನು ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರೆ ಟೈರಿನ ಸವೆತದಿಂದ ಲೆಕ್ಕ ತಪ್ಪದು. ೧೯೯೮ರ ನಂತರದ ಎರಡನೆಯ ಪೀಳಿಗೆಯ ಎಂಎಕ್ಸ್-೫ ಬಂಡಿಯಲ್ಲಿ ಷಾಕಿನ ಮೇಲ್ತುದಿಯನ್ನು ಹಿಡಿಯುವ ಬಟ್ಟಲಿನ ರಚನೆಯು ಬೇರೆಯಾಗಿದ್ದು, ಹಳೆಯ ಬಂಡಿಗೆ ಅದನ್ನು ಅಳವಡಿಸಿದರೆ ಗಾಲಿಗೆ ಏರಲು ಹೆಚ್ಚು ಅವಕಾಶ ದೊರೆಯುವುದು.

ನಾಲ್ಕನೆಯದು ಗಾಲಿಗಳ ಕೋನಗಳು. ಗಾಲಿಗಳ ತಲೆಯು ಸ್ವಲ್ಪ ಒಳಕ್ಕೆ ವಾಲಿದ್ದರೆ ತಿರುವಿನಲ್ಲಿ ಟೈರು ನೆಲದ ಮೇಲೆ ಚಪ್ಪಟೆಯಾಗಿ ಕೂರುವುದು. ಇದಕ್ಕೆ ಕ್ಯಾಂಬರ್ ಎಂದು ಹೆಸರು. ಒಂದೂವರೆಯಿಂದ ಎರಡು ಡಿಗ್ರಿಯವರೆಗೆ ರಸ್ತೆಗೂ ಟ್ರ್ಯಾಕಿಗೂ ಸಲ್ಲುವುದು. ಹೆಚ್ಚಾದರೆ ಟೈರಿನ ಒಳಅಂಚು ಬೇಗ ಸವೆಯುವುದು. ಮೇಲಿನಿಂದ ನೋಡಿದಾಗ ಗಾಲಿಗಳು ಎತ್ತ ಮುಖ ಮಾಡಿರುವುವೆಂಬುದು ಟೋ. ಮುಂದಿನ ಜೋಡಿಯು ನೇರವಾಗಿರಲಿ. ಹಿಂದಿನ ಜೋಡಿಯು ಕೂದಲೆಳೆಯಷ್ಟು ಒಳಮುಖವಾಗಿರಲಿ. ಹಿಂದಿನ ಗಾಲಿಗಳು ಹೊರಮುಖವಾಗಿದ್ದರೆ ಬಂಡಿಯು ನೇರವಾದ ರಸ್ತೆಯಲ್ಲಿಯೂ ಸುತ್ತಿಕೊಳ್ಳಲು ಹವಣಿಸುವುದು. ಎತ್ತರವನ್ನು ಬದಲಾಯಿಸಿದಾಗಲೆಲ್ಲ ಈ ಕೋನಗಳೂ ಬದಲಾಗುವುದರಿಂದ ಎತ್ತರ ನಿಂತ ಮೇಲೆಯೇ ಇವನ್ನು ತಿದ್ದಿಸಬೇಕು. ತಿರುಪಿನಿಂದ ಎತ್ತರವನ್ನು ಹೊಂದಿಸುವ ಸ್ಪ್ರಿಂಗಾದರೆ, ಚಾಲಕನ ತೂಕವನ್ನು ಪೀಠದ ಮೇಲಿಟ್ಟು ನಾಲ್ಕು ಗಾಲಿಗಳನ್ನೂ ತಕ್ಕಡಿಗಳ ಮೇಲೆ ನಿಲ್ಲಿಸಿ, ಕರ್ಣಕ್ಕೆ ಕರ್ಣ ಸಮನಾಗುವಂತೆ ನೋಡಬೇಕು. ಇಲ್ಲವಾದರೆ ಮೂರು ಕಾಲಿನ ಮೇಲೆ ನಿಂತ ಮಣೆಯಂತೆ ಬಂಡಿಯು ಎಡತಿರುವಿನಲ್ಲಿ ಒಂದು ಬಗೆ, ಬಲತಿರುವಿನಲ್ಲಿ ಒಂದು ಬಗೆ.

ಆಂಟಿ ರೋಲ್ ಬಾರಿನ ಸರದಿ ಕೊನೆಯದು. ಇಷ್ಟೆಲ್ಲ ಆದ ಮೇಲೂ ಓಲಾಟವು ಹೆಚ್ಚೆನಿಸಿದರೆ ಮುಂದಿನದನ್ನು ತುಸು ದಪ್ಪಮಾಡಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು, ಟೈರಿನ ಒತ್ತಡವನ್ನು, ಬಂಡಿಯ ನಡತೆಯನ್ನು ಮನೆಯ ಖರ್ಚಿನ ಲೆಕ್ಕದಂತೆ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಲಗೂನಾ ಸೆಕಾದ ಸುತ್ತು ೩.೬ ಕಿಲೋಮೀಟರು, ಹನ್ನೊಂದು ತಿರುವುಗಳು. ಕಾರ್ಕ್‌ಸ್ಕ್ರೂ ಎಂದು ಕರೆಯುವ ತಿರುವುಜೋಡಿಯಲ್ಲಿ ರಸ್ತೆಯು ಸುಮಾರು ಹದಿನೆಂಟು ಮೀಟರು ಧುಮುಕುವುದು. ಅಂತಹ ಕಡೆ ಎರಡು ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿಕೊಂಡು ಹೋದವರಿಗೆ ಒಳ್ಳೆಯದಾದುದು ಯಾವುದರಿಂದ, ಕೆಟ್ಟುದು ಯಾವುದರಿಂದ ಎಂಬುದು ತಿಳಿಯದು.

ಮನೆಯಲ್ಲಿಯೇ ಕೆಲಸ ಮಾಡಿಕೊಳ್ಳುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ. ಕುಗ್ಗಿಸಿ ಕಟ್ಟಿದ ಸ್ಪ್ರಿಂಗಿನಲ್ಲಿ ಅಡಗಿರುವ ಬಲವು ಕೈಕಾಲು ಮುರಿಯುವಷ್ಟಿದೆ. ಅದಕ್ಕೆಂದೇ ಮಾಡಿದ ಹಿಡಿಕೆಯಂತ್ರವಿಲ್ಲದೆ ಮೇಲಿನ ನಟ್ಟನ್ನು ಸಡಿಲಿಸಲಾಗದು. ಜಾಕಿಯೊಂದನ್ನೇ ನಂಬಿ ಬಂಡಿಯ ಅಡಿಗೆ ನುಸುಳಲಾಗದು. ಗಟ್ಟಿಯಾದ ಕುದುರೆಗಳನ್ನು ಕೊಟ್ಟು ನಿಲ್ಲಿಸಿರಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ನಮ್ಮ ನಾಡಿನಲ್ಲಿ ಇದೇ ಹವ್ಯಾಸವುಳ್ಳವರಿಗೂ ಎರಡು ಮಾತು. ಬೆಂಗಳೂರಿನಿಂದ ಮದರಾಸಿನ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕಿಗೆ ಹೋಗಿಬರುವ ತರುಣರುಂಟು. ಹೋಗುವ ದಾರಿಯ ಹಂಪುಗಳ ಮೇಲೆ ತಗ್ಗಿಸಿದ ಬಂಡಿಯ ಹೊಟ್ಟೆಯು ತಾಗುವುದೆಂಬುದು ಅನುಭವದ ಮಾತು. ಅಲ್ಲದೆ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು, ತಯಾರಕರು ನಿರ್ದೇಶಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಬಂಡಿಯನ್ನು ಮಾರ್ಪಡಿಸುವುದನ್ನು ತಡೆಯುವುದು. ಹಣ ತೆರುವ ಮೊದಲು ಇದನ್ನೂ, ವಿಮೆಯ ಕಾಗದದಲ್ಲಿ ಟ್ರ್ಯಾಕಿನ ವಿಚಾರವಾಗಿ ಏನು ಬರೆದಿದೆಯೆಂಬುದನ್ನೂ ಓದಿಕೊಳ್ಳುವುದು ಲೇಸು.

ಕಳೆದ ವಾರ ನಮ್ಮ ಮಿತ್ರರ ಮೂರನೆಯ ಕಾಗದ ಬಂದಿದೆ. ಟೈರು, ಬ್ರೇಕಿನ ದ್ರವ, ಬುಷ್ಷು, ಷಾಕು, ಸ್ಪ್ರಿಂಗು, ಕೋನಗಳು ಎಲ್ಲವೂ ಆದುವು, ಬಾರನ್ನು ಮುಟ್ಟಿಲ್ಲ. ಬಂಡಿಯು ಎರಡೂವರೆ ಸೆಂಟಿಮೀಟರು ಎತ್ತರವಾಗಿದೆ. ಸ್ನೇಹಿತರು ನೋಡಿ, ಅಂದಗೆಟ್ಟಿತೆಂದು ನಕ್ಕರಂತೆ. ಪಟ್ಟಿಯು ಈಗ ಬೆಟ್ಟದ ದಾರಿಯಲ್ಲಿ ಮೆತ್ತೆಗೆ ಎರಡು ಬೆರಳಿನಷ್ಟು ಕೆಳಗೇ ನಿಲ್ಲುತ್ತಿದೆ. ಟ್ರ್ಯಾಕಿಗೆ ಇನ್ನೂ ಹೋಗಿಲ್ಲ. ಮಳೆಗಾಲ ಕಳೆಯಲೆಂದು ಮನೆಯವರು ಹೇಳಿದ್ದಾರೆ. ಕಳೆದ ಶನಿವಾರ ಜಡಿಮಳೆಯಲ್ಲಿ ಮಗಳನ್ನು ಪಾಠಕ್ಕೆ ಕರೆದೊಯ್ಯುವಾಗ, ಹೋದ ವರ್ಷವೆಲ್ಲ ಬಂಡಿಯ ಕುಲುಕಾಟಕ್ಕೆ ತಾಳ ತಪ್ಪುತ್ತಿದ್ದ ಹುಡುಗಿಯು ದಾರಿಯುದ್ದಕ್ಕೂ ವರ್ಣವನ್ನು ಹಾಡಿಕೊಂಡು ಬಂದಳೆಂದು ಬರೆದಿದ್ದಾರೆ. ತಾಯಿಯ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರವನ್ನು ನಾವು ಕೊಡಬೇಕಾದುದಿಲ್ಲ.